ಹನ್ನೊಂದನೆಯ ಸಂಕೇತ

ಪತ್ರಿಕೆಯ ಒಂದು ಮೂಲೆಯಲ್ಲಿ ವರ್ಷಕ್ಕೆ ಹಲವು ಬಾರಿ ಒಂದು ಪುಟ್ಟ ಸುದ್ದಿ ಅಚ್ಚಾಗುತ್ತದೆ: ಬಂದರಿನಲ್ಲಿ ಮೂರನೆಯ ಸಂಖ್ಯೆಯ ಎಚ್ಚರಿಕೆಯ ಸಂಕೇತವನ್ನು ಏರಿಸಲಾಗಿದೆ, ಮೀನುಗಾರರು ಕಡಲಿಗೆ ಇಳಿಯಬಾರದು. ಘಟ್ಟದ ಮೇಲಿನ ನಾವು ಅದನ್ನು ಓದಿ, ಇನ್ನೆರಡು ದಿನ ನಮ್ಮಲ್ಲಿಯೂ ಮಳೆಯಾದೀತು ಎಂದುಕೊಂಡು ಪುಟ ತಿರುವುತ್ತೇವೆ. ಆದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಒಂದು ಸಾಲಿನ ಮೇಲೆ ಅಂದಿನ ಅನ್ನವೂ ನಿಂತಿರುತ್ತದೆ, ಪ್ರಾಣವೂ ನಿಂತಿರುತ್ತದೆ.

ಈ ಸಂಕೇತಗಳು ಒಟ್ಟು ಹನ್ನೊಂದು. ಬಂದರಿನ ಎತ್ತರದ ಕಂಬಕ್ಕೆ ಹಗಲಿನಲ್ಲಿ ಶಂಕುವಿನ ಆಕಾರದ ಹಾಗೂ ಪೀಪಾಯಿಯ ಆಕಾರದ ಗುರುತುಗಳನ್ನೂ, ರಾತ್ರಿಯಲ್ಲಿ ಕೆಂಪು ಬಿಳಿ ದೀಪಗಳನ್ನೂ ಏರಿಸುತ್ತಾರೆ. ಮೊದಲನೆಯ ಮತ್ತು ಎರಡನೆಯ ಸಂಕೇತಗಳು ದೂರದ ಕಡಲಿನಲ್ಲಿ ಹವೆ ಕೆಟ್ಟಿದೆಯೆಂದು ಹೊರಡಲಿರುವ ಹಡಗುಗಳಿಗೆ ತಿಳಿಸುತ್ತವೆ. ಮೂರು ಮತ್ತು ನಾಲ್ಕು ಬಂದರಿಗೇ ಬಿರುಗಾಳಿ ತಗಲುವ ಸಂಭವವನ್ನು ಸೂಚಿಸುತ್ತವೆ. ಐದರಿಂದ ಏಳರವರೆಗಿನವು ಅಪಾಯದ ಸಂಕೇತಗಳು. ಎಂಟರಿಂದ ಹತ್ತರವರೆಗಿನವು ಮಹಾ ಅಪಾಯದವು. ಚಂಡಮಾರುತವು ಬಂದರಿನ ಯಾವ ಪಕ್ಕದಲ್ಲಿ ಹಾದುಹೋದೀತು, ಅಥವಾ ನೇರವಾಗಿ ಮೇಲೆಯೇ ಎರಗೀತೇ ಎಂಬುದನ್ನು ಕೂಡ ಇವು ತಿಳಿಸಬಲ್ಲವು. ಕೊನೆಯದಾದ ಹನ್ನೊಂದನೆಯ ಸಂಕೇತದ ಅರ್ಥ ಬೇರೆಯೇ ಆಗಿದೆ. ಆ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಈ ಎಚ್ಚರಿಕೆಯ ಹಿಂದಿನ ಕಥೆಯನ್ನು ಸ್ವಲ್ಪ ಕೇಳಬೇಕು. ‘ಸೈಕ್ಲೋನ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟವನು ಕಲ್ಕತ್ತೆಯಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಆಂಗ್ಲೇಯ. ಹಿಂದೆ ಹಡಗುಗಳಲ್ಲಿ ದುಡಿದಿದ್ದ ಈತ ನಾವಿಕರ ದಿನಚರಿಗಳನ್ನು ಒಟ್ಟುಗೂಡಿಸಿ, ಬಿರುಗಾಳಿಗಳು ಸುರುಳಿಯಾಗಿ ಸುತ್ತುತ್ತವೆಯೆಂಬುದನ್ನು ವಿವರಿಸಿದನು. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ 1848ರಲ್ಲಿ ಆ ಹೆಸರನ್ನು ರೂಪಿಸಿದನು. ಬಂಗಾಳದ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರನ್ನು ಕಟ್ಟುವ ಆಲೋಚನೆ ನಡೆದಾಗ, ಚಂಡಮಾರುತದೊಡನೆ ನುಗ್ಗುವ ಕಡಲಿನ ಅಲೆ ಅದನ್ನು ಹಾಳುಮಾಡೀತೆಂದು 1853ರಲ್ಲಿಯೇ ಗವರ್ನರ್ ಜನರಲ್ಲನಿಗೆ ಪತ್ರ ಬರೆದನು. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಕ್ಯಾನಿಂಗ್ ಬಂದರು ಎದ್ದಿತು. 1867ರ ಬಿರುಗಾಳಿಗೆ ಸಿಕ್ಕಿ ಹಾಳಾಯಿತು. ಅದನ್ನು ಕಾಣಲು ಪಿಡಿಂಗ್ಟನ್ ಬದುಕಿರಲಿಲ್ಲ.

ಅದಕ್ಕೂ ಮೂರು ವರ್ಷ ಮುಂಚೆ, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಗೇ ಚಂಡಮಾರುತ ಅಪ್ಪಳಿಸಿ ಸುಮಾರು 60,000 ಜನ ಮಡಿದರು. ಆಮೇಲೆ, 1865ರಲ್ಲಿ, ಆ ಬಂದರಿಗಾಗಿ ಎಚ್ಚರಿಕೆ ನೀಡುವ ಏರ್ಪಾಡಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆಯೇ ಸ್ಥಾಪಿತವಾಯಿತು. ಒಬ್ಬನ ಪತ್ರ ಮಾಡಲಾರದ ಕೆಲಸವನ್ನು ಅಷ್ಟು ಜನರ ಸಾವು ಮಾಡಿತೆನ್ನುವುದು ವಿಷಾದದ ಸಂಗತಿ.

ಉಷ್ಣವಲಯದ ಕಡಲೇ ಈ ಗಾಳಿಯ ತವರು. ನೀರಿನ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಆವಿ ಹೇರಳವಾಗಿ ಮೇಲೇರುತ್ತದೆ. ಮೇಲೆ ತಣಿದು ಮೋಡವಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಗಾಳಿ ಇನ್ನಷ್ಟು ಹಗುರಾಗುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ. ಆ ತೆರವನ್ನು ತುಂಬಲು ಸುತ್ತಲಿನ ಗಾಳಿ ಧಾವಿಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರವಾಗಿ ಬಾರದೆ, ನಮ್ಮ ಉತ್ತರಾರ್ಧದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತತೊಡಗುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರನ್ನು ಮುಟ್ಟಿದರೆ ಅದು ಚಂಡಮಾರುತವೆನಿಸಿ, ಹೆಸರನ್ನೂ ಪಡೆಯುತ್ತದೆ.

ಇಂದು ಈ ಕಡಲುಗಳನ್ನು ಉಪಗ್ರಹಗಳು ಹಗಲಿರುಳು ನೋಡುತ್ತಿವೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವು ಅಲೆಯ ಎತ್ತರ, ಅದು ಬರುವ ದಿಕ್ಕು, ಗಾಳಿ, ಪ್ರವಾಹ ಇವೆಲ್ಲವನ್ನೂ ಮುಂಚಿತವಾಗಿ ಲೆಕ್ಕಹಾಕಿ ಪ್ರಕಟಿಸುತ್ತದೆ. ಆದರೆ ಈ ವರದಿಯನ್ನು ಓದುವ ಬಗೆಯೂ ತಿಳಿದಿರಬೇಕು. ‘ಅಲೆಗಳು 3 ಮೀಟರು’ ಎಂದರೆ ಅದಕ್ಕಿಂತ ಎತ್ತರದ ಅಲೆ ಏಳದು ಎಂದಲ್ಲ. ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಪಾಲನ್ನು ತೆಗೆದುಕೊಂಡು, ಅವುಗಳ ಸರಾಸರಿಯನ್ನು ಹೇಳುವುದು ವಾಡಿಕೆ. ನಡುವೆ ಒಂದೊಂದು ಅಲೆ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರಕ್ಕೆ ಏಳಬಹುದು. ದೋಣಿಯನ್ನು ಮಗುಚುವುದು ಸರಾಸರಿಯ ಅಲೆಯಲ್ಲ, ಆ ಒಂದು ಅಲೆ.

ಇನ್ನೊಂದು ವಿಚಿತ್ರವೂ ಉಂಟು. ಆಕಾಶ ನಿರ್ಮಲವಾಗಿ, ಗಾಳಿಯೂ ಇಲ್ಲದ ದಿನ ಇದ್ದಕ್ಕಿದ್ದಂತೆ ಕಡಲು ಉಬ್ಬಿ ದಡದ ಮನೆಗಳಿಗೆ ನುಗ್ಗುತ್ತದೆ. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡದಲ್ಲಿಯೂ ಇದನ್ನು ಕಳ್ಳಕಡಲು ಎಂದೇ ಕರೆಯಬಹುದು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎಲ್ಲೋ ಬೀಸಿದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರು ಹಾಯ್ದು, ಕೆಲವು ದಿನಗಳ ಮೇಲೆ ಇಲ್ಲಿಗೆ ಬಂದು ಮುಟ್ಟುವುದೇ ಇದರ ಗುಟ್ಟು. ಬೆಸ್ತರ ಈ ಪದವನ್ನೇ ಈಗ ವಿಜ್ಞಾನಿಗಳೂ ಬಳಸುತ್ತಾರೆ.

ಇಷ್ಟೆಲ್ಲ ಜ್ಞಾನವಿದ್ದೂ 2017ರಲ್ಲಿ ಏನಾಯಿತು? ನವೆಂಬರ್ 29ರಂದು ಶ್ರೀಲಂಕೆಯ ಬಳಿ ವಾಯುಭಾರ ಕುಸಿತವೊಂದು ಕಾಣಿಸಿಕೊಂಡಿತು. ಮರುದಿನವೇ ಅದು ಕನ್ಯಾಕುಮಾರಿಯ ಹತ್ತಿರ ಚಂಡಮಾರುತವಾಯಿತು. ಬಾಂಗ್ಲಾದೇಶ ಸೂಚಿಸಿದ್ದ ‘ಓಖಿ’ ಎಂಬ ಹೆಸರು ಅದಕ್ಕೆ ಬಂದಿತು; ಬಂಗಾಳಿಯಲ್ಲಿ ಕಣ್ಣು ಎಂದರ್ಥ. ಮೀನುಗಾರರು ಕಡಲಿಗೆ ಹೋಗಬಾರದೆಂದು ಸೂಚನೆಯೇನೋ ಹೊರಟಿತ್ತು. ಆದರೆ ತಮಿಳುನಾಡು, ಕೇರಳಗಳ ನೂರಾರು ದೋಣಿಗಳು ಎಷ್ಟೋ ದಿನಗಳ ಹಿಂದೆಯೇ ಆಳಸಮುದ್ರಕ್ಕೆ ಹೋಗಿಬಿಟ್ಟಿದ್ದವು. ಹೋಗಬೇಡಿ ಎಂಬ ಮಾತು ಹೋದವರಿಗೆ ಏನು ಪ್ರಯೋಜನ? ಬನ್ನಿ ಎಂದು ಕೂಗಲು ದಾರಿಯೇ ಇರಲಿಲ್ಲ. ನೂರಾರು ಮಂದಿ ಮರಳಲಿಲ್ಲ. ಹಲವರ ದೇಹವೂ ಸಿಗಲಿಲ್ಲ.

ನಮ್ಮ ಕರಾವಳಿಗೂ ಇದು ಪರರ ಕಥೆಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವುಂಟು. ಉಳಿದ ತಿಂಗಳುಗಳಲ್ಲಿ ಮಂಗಳೂರು, ಮಲ್ಪೆಗಳಿಂದ ಹೊರಡುವ ಆಳಸಮುದ್ರದ ದೋಣಿಗಳು ಒಂದು ವಾರ, ಹತ್ತು ದಿನ ನೀರಿನ ಮೇಲೆಯೇ ಇರುತ್ತವೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವುದೂ ಹೆಚ್ಚಾಗಿ ಮುಂಗಾರಿನ ಮುಂಚೆ ಮತ್ತು ಅನಂತರ, ಎಂದರೆ ಈ ದೋಣಿಗಳು ಕಡಲಿನಲ್ಲಿರುವಾಗಲೇ. ಕೈಯಲ್ಲಿನ ದೂರವಾಣಿಗೆ ದಡದಿಂದ ಹತ್ತು ಹನ್ನೆರಡು ಕಿಲೋಮೀಟರು ದಾಟಿದರೆ ಸಾಮಾನ್ಯವಾಗಿ ಜೀವವಿರುವುದಿಲ್ಲ. ಓಖಿಯ ತರುವಾಯ, 2019ರಲ್ಲಿ, ಉಪಗ್ರಹದ ಮೂಲಕ ಎಚ್ಚರಿಕೆಯನ್ನು ದೋಣಿಗೆ ಮುಟ್ಟಿಸುವ ಸಣ್ಣ ಉಪಕರಣವೊಂದು ಬಂದಿತು. ಅದು ಕೇಳಬಲ್ಲದು, ಮಾತನಾಡಲಾರದು. ಎರಡೂ ಕಡೆಯಿಂದ ಸಂದೇಶ ಸಾಗಿಸಬಲ್ಲ ಉಪಕರಣಗಳನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆ 2024ರಲ್ಲಿ ಆರಂಭವಾಯಿತು.

ಉಪಕರಣವೊಂದೇ ಸಾಲದೆಂಬುದನ್ನೂ ಒಪ್ಪಬೇಕು. ಸಾಲ ಮಾಡಿ ಡೀಸೆಲು, ಮಂಜುಗಡ್ಡೆ ತುಂಬಿಕೊಂಡು ಹೊರಟವನಿಗೆ ಅರ್ಧದಲ್ಲಿ ಮರಳುವುದು ಸುಲಭವಲ್ಲ. ಬಾರದ ಬಿರುಗಾಳಿಗೆ ಎರಡು ಸಲ ಹೆದರಿ ನಷ್ಟಪಟ್ಟವನು ಮೂರನೆಯ ಸಲ ನಿಜವಾದ ಎಚ್ಚರಿಕೆಯನ್ನೂ ಅಲಕ್ಷಿಸಿಯಾನು. ಮುಂಚೆಯೇ ಹೇಳುವುದು, ಸರಿಯಾಗಿ ಹೇಳುವುದು, ಹಿಂತಿರುಗಿ ಬಂದವನ ನಷ್ಟಕ್ಕೆ ಏನಾದರೊಂದು ಆಸರೆ ಕೊಡುವುದು ಈ ಮೂರೂ ಕೂಡಿದರೆ ಮಾತ್ರ ಮುನ್ಸೂಚನೆ ಪೂರ್ಣವಾದೀತು.

ಈಗ ಹನ್ನೊಂದನೆಯ ಸಂಕೇತ. ಎಚ್ಚರಿಕೆಯ ಕೇಂದ್ರದೊಡನೆ ಸಂಪರ್ಕ ಕಡಿದುಹೋಗಿ, ಹವೆ ಕೆಡುವ ಅಪಾಯವಿದೆಯೆಂದು ಸ್ಥಳದ ಅಧಿಕಾರಿಗೆ ತೋರಿದಾಗ ಏರಿಸತಕ್ಕದ್ದು ಅದು. ಸುದ್ದಿಯೇ ಬಾರದಿರುವುದು ಮಹಾ ಅಪಾಯಕ್ಕಿಂತ ಒಂದು ಮೆಟ್ಟಿಲು ಮೇಲಿನದೆಂದು ಈ ಪಟ್ಟಿಯನ್ನು ರಚಿಸಿದವರು ತಿಳಿದಿದ್ದರೇನೋ! ಬಂದರಿನಲ್ಲಿ ಅದು ಏರುವುದು ಅಪರೂಪ. ಆದರೆ ದಡ ಕಣ್ಮರೆಯಾದಷ್ಟು ದೂರ ಹೋದ, ಸುದ್ದಿ ಕೇಳುವ ಸಾಧನವಿಲ್ಲದ ಪ್ರತಿಯೊಂದು ದೋಣಿಯ ಮೇಲೂ ಅದು ಏರಿಯೇ ಇದೆಯೆಂದು ತಿಳಿಯಬೇಕು. ಆ ಸಂಕೇತವನ್ನು ಇಳಿಸುವವರೆಗೆ, ಪತ್ರಿಕೆಯ ಮೂಲೆಯ ಆ ಒಂದು ಸಾಲನ್ನು ದಡದಲ್ಲಿರುವ ನಾವು ಓದಿದೆವೆಂದಷ್ಟೇ ಆಗುತ್ತದೆ. ಯಾರಿಗಾಗಿ ಬರೆದದ್ದೋ ಅವರು ಓದಿದಂತಾಗುವುದಿಲ್ಲ.