ಎರಡು ಲೀಟರು ಸಾಲದೇ?

ಡೀಸೆಲ್ ಎಂಜಿನ್ನು ಎಷ್ಟು ಲೀಟರಿನದು ಎಂಬುದಕ್ಕೂ ಹೆಂಗಸರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ನೆನಪಾಗುವ ಸಂಬಂಧವೇ ಇಲ್ಲಿಯೂ ಇದೆ ಎಂದು ನಾನು ಅವರಿಗೆ ಹೇಳುತ್ತೇನೆ. ಮನೆಗೆ ಮಿಕ್ಸಿ ತರುವಾಗ 500 ವ್ಯಾಟಿನದು ಸಾಕೋ 750 ವ್ಯಾಟಿನದು ಬೇಕೋ ಎಂದು ಅಂಗಡಿಯವನನ್ನು ಗಂಟೆಗಟ್ಟಲೆ ಕಾಡುವವರು ನಾವು. ಆಗ ಅದು ಗಂಡಸರ ವಿಷಯ ಎಂದು ಯಾರೂ ಹೇಳುವುದಿಲ್ಲ. ಅಂಥದೇ ಒಂದು ಯಂತ್ರ ನಾಲ್ಕು ಚಕ್ರದ ಮೇಲೆ ಕೂತು, ಬೆಲೆ 40 ಲಕ್ಷ ದಾಟಿದ ಕೂಡಲೇ "ನಿಮಗೆ ಅದೆಲ್ಲ ಗೊತ್ತಾಗಲ್ಲ ಬಿಡಿ" ಎಂಬ ಮಾತು ಬರುತ್ತದೆ. ದುಡ್ಡು ಹೆಚ್ಚಾದಷ್ಟೂ ನಮ್ಮ ತಿಳಿವಳಿಕೆ ಕಡಿಮೆಯಾಗುವ ಈ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ.

ಈ ಮಾತು ಈಗ ಬಂದದ್ದು ನನ್ನ ಮೈದುನನಿಂದ. ಅವನಿಗೆ 2.8 ಲೀಟರಿನ ದೊಡ್ಡ ಗಾಡಿಯೇ ಆಗಬೇಕು. ಎರಡು ಲೀಟರಿನ ಗಾಡಿಯೂ ಏಳು ಜನರನ್ನು ಕೂರಿಸಿಕೊಳ್ಳುತ್ತದೆ, ಅದರಲ್ಲೂ ಚರ್ಮದ ಸೀಟು, ಎಸಿ ಎಲ್ಲ ಇದೆ. ಆದರೆ "ಅತ್ತಿಗೆ, ಪಿಕಪ್ ಬೇಕು ಪಿಕಪ್ಪು" ಎನ್ನುತ್ತಾನೆ. ಮುಂಗಡ ಕಟ್ಟಲು ಗಿರವಿ ಹೋಗಬೇಕಾದದ್ದು ನನ್ನ ವಾರಗಿತ್ತಿಯ ನಾಲ್ಕು ಬಳೆ ಮತ್ತು ಅವಳ ತಾಯಿ ಕೊಟ್ಟ ಸರ. ಶೋರೂಮಿನಲ್ಲಿ ಅವಳು ಮೈಲೇಜು ಕೇಳಿದರೆ, ಅಲ್ಲಿದ್ದ ಹುಡುಗ ಉತ್ತರ ಹೇಳಿದ್ದು ಮೈದುನನ ಮುಖ ನೋಡಿಕೊಂಡು. ಆ ದಿನವೇ ನಾನು ಈ ಲೀಟರುಗಳ ವಿಷಯ ಓದಲು ಕೂತೆ.

ಅದೇನೂ ಬ್ರಹ್ಮವಿದ್ಯೆಯಲ್ಲ. ಲೀಟರೆಂದರೆ ಎಂಜಿನ್ನಿನ ಸಿಲಿಂಡರುಗಳೆಲ್ಲ ಸೇರಿ ಒಂದು ಸಲಕ್ಕೆ ಎಷ್ಟು ಗಾಳಿ ಎಳೆದುಕೊಳ್ಳಬಲ್ಲವು ಎಂಬ ಅಳತೆ, ಒಲೆಯ ಗಾತ್ರ ಇದ್ದ ಹಾಗೆ. ಆದರೆ ಸೌದೆ ಒಲೆಯ ಮುಂದೆ ಕೂತವರಿಗೆ ಗೊತ್ತು, ಒಲೆ ದೊಡ್ಡದಾದ ಮಾತ್ರಕ್ಕೆ ಉರಿ ಜೋರಾಗುವುದಿಲ್ಲ. ಊದುಗೊಳವೆ ಹಿಡಿದು ಊದಿದರೆ ಸಣ್ಣ ಒಲೆಯೇ ದೊಡ್ಡ ಒಲೆಯ ಕೆಲಸ ಮಾಡುತ್ತದೆ. ಎಂಜಿನ್ನಿನಲ್ಲಿ ಊದುಗೊಳವೆಯ ಕೆಲಸ ಮಾಡುವುದಕ್ಕೆ ಟರ್ಬೊ ಎನ್ನುತ್ತಾರೆ. ಅದು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ, ಹೆಚ್ಚು ಗಾಳಿಗೆ ಹೆಚ್ಚು ಡೀಸೆಲ್ ಉರಿಯುತ್ತದೆ. ಇನ್ನು ಟಾರ್ಕ್ ಎಂಬ ಮಾತು. ಬೀಸುವ ಕಲ್ಲಿನ ಗೂಟ ಹಿಡಿದು ಮೊದಲ ಸುತ್ತು ತಿರುಗಿಸಲು ತೋಳಿಗೆ ಬೇಕಾದ ಬಲವಿದೆಯಲ್ಲ, ಅದೇ. ಗಂಟೆಗೆ ಎಷ್ಟು ಸೇರು ಬೀಸಿದಿರಿ ಎಂಬುದು ಅಶ್ವಶಕ್ತಿ. ಇಷ್ಟು ತಿಳಿದರೆ ಶೋರೂಮಿನ ಕಾಗದವನ್ನು ಯಾವ ಹೆಂಗಸಾದರೂ ಓದಬಹುದು.

ನಮ್ಮ ದೇಶದಲ್ಲೇ ತಯಾರಾದ ಗಾಡಿಗಳನ್ನು ನೋಡಿ. 2009ರಲ್ಲಿ ಬಂದ ಟೊಯೊಟಾ ಫಾರ್ಚುನರ್‌ಗೆ ಮೂರು ಲೀಟರಿನ ಡೀಸೆಲ್ ಎಂಜಿನ್, 171 ಅಶ್ವಶಕ್ತಿ, 343 ನ್ಯೂಟನ್ ಮೀಟರ್ ಟಾರ್ಕ್. ಅದು ಮನೆಯ ಮುಂದೆ ನಿಂತರೆ ಇಡೀ ಬೀದಿ ಬಂದು ನೋಡುತ್ತಿತ್ತು. 2021ರಲ್ಲಿ ಬಂದ ಟಾಟಾ ಸಫಾರಿಗೆ ಎರಡೇ ಲೀಟರು, ಶಕ್ತಿ 170, ಟಾರ್ಕ್ 350. ಒಂದು ಲೀಟರು ಕಡಿಮೆ, ಎಳೆತ ಒಂದು ಗುಲಗಂಜಿ ಹೆಚ್ಚೇ. ಒಂದೇ ಗಾಡಿಯ ಎರಡು ಎಂಜಿನ್ ಹೋಲಿಸಬೇಕೆಂದರೆ 2016ರ ಇನ್ನೋವಾ ಕ್ರಿಸ್ಟಾ ಇದೆ. ಗೇರ್ ಹಾಕುವುದಕ್ಕೆ 2.4, ಆಟೋಮ್ಯಾಟಿಕ್‌ಗೆ 2.8. ಟಾರ್ಕಿನ ವ್ಯತ್ಯಾಸ 343ಕ್ಕೂ 360ಕ್ಕೂ ಇರುವಷ್ಟು. 2020ರಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಕಂಪನಿಯೇ ಕ್ರಿಸ್ಟಾದಿಂದ 2.8 ಅನ್ನು ಕೈಬಿಟ್ಟು ಎರಡಕ್ಕೂ 2.4 ಕೂರಿಸಿತು. ಅದಕ್ಕಾಗಿ ಯಾವ ಮದುವೆ ದಿಬ್ಬಣವೂ ದಾರಿಯಲ್ಲಿ ನಿಂತುಹೋಗಲಿಲ್ಲ.

ದೆಹಲಿಯ ಕಥೆ ಇನ್ನೂ ಸ್ವಾರಸ್ಯ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿ ನಿಲ್ಲಿಸಿತು. ಮುಂದಿನ ತಿಂಗಳೇ ಮಹೀಂದ್ರಾ ಕಂಪನಿ ಸ್ಕಾರ್ಪಿಯೊ ಮತ್ತು ಎಕ್ಸ್‌ಯುವಿ 500 ಗಾಡಿಗಳಿಗೆ 1.99 ಲೀಟರಿನ ಎಂಜಿನ್ ಇಟ್ಟು ಮಾರಾಟಕ್ಕೆ ತಂದಿತು. ಅದಕ್ಕೆ ಮೊದಲು ಇದ್ದದ್ದು 2.2. ಶಕ್ತಿ ಹೆಚ್ಚು ಕಡಿಮೆ ಅಷ್ಟೇ. 2016ರ ಆಗಸ್ಟಿನಲ್ಲಿ, ಬೆಲೆಯ ಮೇಲೆ ನೂರಕ್ಕೆ ಒಂದು ಪಾಲು ಪರಿಸರ ಶುಲ್ಕ ಕಟ್ಟಿ ದೊಡ್ಡದನ್ನೂ ಓಡಿಸಬಹುದೆಂದು ನಿಷೇಧ ತೆರವಾಯಿತು. ಕೋರ್ಟು ಹೇಳಿದ ತಿಂಗಳಲ್ಲೇ ಸಣ್ಣ ಎಂಜಿನ್ನು ಸಾಕಾಗುವುದಾದರೆ, ಹೆಂಡತಿ ಹೇಳಿದರೆ ಯಾಕೆ ಸಾಕಾಗುವುದಿಲ್ಲ?

ಗಾತ್ರವೇ ಬಲ ಎಂದು ವಾದಿಸುವವರು ಈ ಸೀಮೆಯಲ್ಲಿ ಹುಟ್ಟಿದವರು ಎಂಬುದೇ ನನಗೆ ಆಶ್ಚರ್ಯ. ನಮ್ಮ ಚಳ್ಳಕೆರೆ ಸುತ್ತಿನ ವರವು ಕಾವಲ್‌ನಂಥ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳು. ಹೈದರಾಲಿ, ಟಿಪ್ಪುವಿನ ಕಾಲಕ್ಕೆ ಫಿರಂಗಿ ಎಳೆದ ಎತ್ತುಗಳ ತಳಿ ಅದು. ಭಾರೀ ಮೈಯ ಎತ್ತಲ್ಲ, ಒಣಕಲು ಮೈ, ಬಿಗಿ ಕಾಲು. ಆದರೆ ಹೈದರನ ಸೈನ್ಯ ಚಿದಂಬರಕ್ಕೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ಹಿಂಡನ್ನು ಬಿಡದೆ ವಶಕ್ಕೆ ತೆಗೆದುಕೊಂಡರು.

ಈಗ ವರವು ಕಾವಲ್‌ನಲ್ಲಿ ಎತ್ತಿಲ್ಲ, ಬೇಲಿ ಇದೆ. ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲ ಡಿಆರ್‌ಡಿಒ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರಕ್ಕೆ ಹೋಯಿತು, 2017ರ ಮೇ ತಿಂಗಳಲ್ಲಿ ಉದ್ಘಾಟನೆಯೂ ಆಯಿತು. ಅಲ್ಲಿ ಕುರಿ ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದ ಹೆಂಗಸರನ್ನು ಆಗಲೂ ಯಾರೂ ಕೂರಿಸಿ ಕೇಳಲಿಲ್ಲ. ಅದು ಇನ್ನೊಂದು ಪ್ರಬಂಧದ ಮಾತು. ಇಲ್ಲಿ ಹೇಳಬೇಕಾದದ್ದು ಆ ಬೇಲಿಯೊಳಗಿಂದ ಹಾರಿದ ತಪಸ್ ಎಂಬ ಡ್ರೋನಿನ ವಿಷಯ. ರೆಕ್ಕೆಯ ಹರವು ಸುಮಾರು 20 ಮೀಟರು. ಅದಕ್ಕೆ ಕೂರಿಸಿದ್ದು ಆಸ್ಟ್ರಿಯಾದ ಎರಡು ಡೀಸೆಲ್ ಎಂಜಿನ್, ಒಂದೊಂದೂ ಎರಡು ಲೀಟರಿನದು. ಅದರ ಮೂಲ ಮರ್ಸಿಡಿಸ್ ಬೆಂಜ್ ಕಾರಿನ ಎಂಜಿನ್ನೇ. ಎರಡು ಸೇರಿ ನಾಲ್ಕು ಲೀಟರಾಯಿತಲ್ಲ ಎಂದು ಮೈದುನ ಕೂಡಲೇ ಹಿಡಿದ. ಅದು ಸೇನೆ ಕೇಳಿದ 30,000 ಅಡಿ ಮುಟ್ಟಲಿಲ್ಲ, 2023ರಲ್ಲಿ ಒಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಬಿತ್ತು ಎಂದೂ ನೆನಪಿಸಿದ. ಇರಲಿ. 28,000 ಅಡಿ ಏರಿತ್ತು. ಇವನು ಏರಬೇಕಾದದ್ದು ನಾಯಕನಹಟ್ಟಿಯ ಜಾತ್ರೆಗೆ, ಅದೂ ಬಯಲು ದಾರಿ.

ದೊಡ್ಡ ಎಂಜಿನ್ನೇ ಬೇಕಾದವರು ಇಲ್ಲವೆಂದಲ್ಲ. ವಾರವಾರವೂ ಏಳು ಜನ, ತಲೆಯ ಮೇಲೆ ಲಗೇಜು ಹೇರಿಕೊಂಡು ಘಾಟಿ ಹತ್ತುವವರು, ಹಿಂದೆ ಟ್ರೇಲರ್ ಎಳೆಯುವವರು ಅದನ್ನೇ ಕೊಳ್ಳಲಿ. ಅಂಥ ಕಡೆ ದೊಡ್ಡ ಎಂಜಿನ್ ಏದುಸಿರು ಬಿಡದೆ ನಡೆಯುತ್ತದೆ. ನಮ್ಮ ಮನೆಯ ಗಾಡಿ ಮಾಡುವ ಕೆಲಸ ಬೇರೆ. ಬೆಳಿಗ್ಗೆ ಮಕ್ಕಳ ಶಾಲೆ, ಆಮೇಲೆ ಎಣ್ಣೆ ಗಿರಣಿ, ಸಂಜೆ ಸಂತೆ, ತಿಂಗಳಿಗೊಮ್ಮೆ ಚಿತ್ರದುರ್ಗ. ಇಲ್ಲೇ ಒಂದು ಪೇಚಿದೆ. 2020ರ ಏಪ್ರಿಲ್‌ನಿಂದ ಬಂದ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಸ್ವಲ್ಪ ಹೊತ್ತು ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಜಾಲರಿ ಕಟ್ಟಿಕೊಂಡು ದೀಪ ಹತ್ತುತ್ತದೆ, ಬಿಲ್ಲು ಬರುತ್ತದೆ. ಊರೊಳಗಿನ ಓಡಾಟಕ್ಕೆ ಡೀಸೆಲ್ಲೇ ಬೇಕೇ ಎಂಬುದು ಮೊದಲ ಪ್ರಶ್ನೆ, ಎಷ್ಟು ಲೀಟರು ಎಂಬುದು ಆಮೇಲಿನದು. ಶಾಲೆಯ ಗೇಟಿನ ಮುಂದೆ ಎಸಿ ಹಾಕಿಕೊಂಡು ಎಂಜಿನ್ ಉರಿಸುತ್ತಾ ನಿಲ್ಲುವ ಅಪ್ಪಂದಿರಿಗೂ ಒಂದು ಮಾತು: ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಗೇಟಿನಲ್ಲಿ ಮೂಗಿನ ಮಟ್ಟಕ್ಕೆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದದ ಅಥವಾ 1500 ಸಿಸಿ ಮೀರಿದ ಡೀಸೆಲ್ ಕಾರಿಗೆ ಜಿಎಸ್‌ಟಿ ನೂರಕ್ಕೆ 40. ಎರಡು ಲೀಟರಿಗೂ 2.8ಕ್ಕೂ ದರ ಒಂದೇ, ಆದರೆ ಬೀಳುವುದು ಬೆಲೆಯ ಮೇಲೆ. ದೊಡ್ಡ ಗಾಡಿಯ ಮೂಲ ಬೆಲೆ 10 ಲಕ್ಷ ಹೆಚ್ಚೆಂದುಕೊಳ್ಳಿ. ಅದಕ್ಕೆ 4 ಲಕ್ಷ ಜಿಎಸ್‌ಟಿ. ಆ 14 ಲಕ್ಷದ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ, 20 ಲಕ್ಷ ದಾಟಿದ ಗಾಡಿಗೆ ನೂರಕ್ಕೆ 18, ಅಂದರೆ ಎರಡೂವರೆ ಲಕ್ಷ. ಹತ್ತು ಹೋಗಿ ಹದಿನಾರೂವರೆ ಆಯಿತು, ವಿಮೆ ಮತ್ತು ಸಾಲದ ಬಡ್ಡಿ ಬೇರೆ. ಸಾಸಿವೆ ಡಬ್ಬಿಯಲ್ಲಿ ಕಾಸು ಕೂಡಿಡುವವಳಿಗೆ ಈ ಲೆಕ್ಕ ಬೆರಳ ತುದಿಯಲ್ಲಿ ಬರುತ್ತದೆ.

ವಾರಗಿತ್ತಿ ಈ ಲೆಕ್ಕವನ್ನೆಲ್ಲ ಮಗನ ನೋಟು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಈಗ ಅವಳು ಗಂಡನ ಮುಂದೆ ಇಟ್ಟಿರುವ ಪ್ರಶ್ನೆ ಒಂದೇ: "ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ, ಅದನ್ನ ಮೊದಲು ಬರೆದು ಕೊಡಿ." ಮೂರು ವಾರವಾಯಿತು, ಮೈದುನ ಇನ್ನೂ ಬರೆದುಕೊಟ್ಟಿಲ್ಲ. ಬ್ಯಾಂಕಿನ ಅರ್ಜಿ ದೇವರ ಮನೆಯ ಕಪಾಟಿನಲ್ಲಿದೆ, ಅವಳ ಸಹಿಯ ಜಾಗ ಖಾಲಿ.