ಬಿದ್ದ ಆಟಗಾರನೂ ತೀರ್ಪುಗಾರನ ಸೀಟಿಯೂ

ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹುಡುಗನೊಬ್ಬನು ಕಾಲುಳುಕಿ ಬಿದ್ದನೆನ್ನಿ. ತೀರ್ಪುಗಾರನು ಕೂಡಲೇ ಸೀಟಿಯನ್ನೂದದಿದ್ದರೆ, ನೋಡುತ್ತಿರುವ ತಂದೆತಾಯಿಗಳು ಅವನನ್ನು ನಿರ್ದಯನೆಂದು ಜರೆಯುವುದುಂಟು. ಅದು ಸಲ್ಲದೆಂದು ನಮ್ಮ ಅಭಿಪ್ರಾಯ. ಅಂತರರಾಷ್ಟ್ರೀಯ ನಿಯಮದಂತೆ, ಚೆಂಡು ಯಾವ ಪಕ್ಷದ ಕೈಯಲ್ಲಿದೆಯೋ ಆ ಪಕ್ಷವು ಅದನ್ನು ಬುಟ್ಟಿಗೆಸೆಯುವವರೆಗೆ ಅಥವಾ ಕಳೆದುಕೊಳ್ಳುವವರೆಗೆ ಆತನು ಕಾಯತಕ್ಕದ್ದು. ಇವನು ಬಿದ್ದನೆಂದು ಎದುರು ಪಕ್ಷವು ಕೈಗೆ ಬಂದ ಬುಟ್ಟಿಯನ್ನು ಕಳೆದುಕೊಳ್ಳುವುದು ನ್ಯಾಯವಲ್ಲವಷ್ಟೆ. ಬಿದ್ದವನ ರಕ್ಷಣೆಗೆ ಅವಶ್ಯವೆಂದು ತೋರಿದರಂತೂ ಆ ಕ್ಷಣವೇ ಆಟವನ್ನು ತಡೆಯಬಹುದು. ತುರ್ತು ಚಿಕಿತ್ಸೆ ಬೇಕೆಂದು ಕಂಡ ವೈದ್ಯನು ಯಾರ ಅಪ್ಪಣೆಗೂ ಕಾಯದೆ ಅಂಗಣವನ್ನು ಪ್ರವೇಶಿಸಬಹುದು.

ಸುಮಾರು 15 ಸೆಕೆಂಡುಗಳೊಳಗೆ ಆಡಲು ಸಿದ್ಧನಾಗದವನೂ, ಚಿಕಿತ್ಸೆ ಪಡೆದವನೂ ಬದಲಿ ಆಟಗಾರನಿಗೆ ಎಡೆಗೊಡಬೇಕು. ಅಷ್ಟರಲ್ಲಿ ಯಾವುದಾದರೊಂದು ಪಕ್ಷವು ವಿರಾಮ ಪಡೆದು, ಅವನು ಚೇತರಿಸಿಕೊಂಡರೆ ಉಳಿಯಬಹುದು. ರಕ್ತ ಸುರಿಯುತ್ತಿದ್ದರೆ, ಅದು ನಿಂತು, ಗಾಯವನ್ನು ಭದ್ರವಾಗಿ ಮುಚ್ಚಿದ ಮೇಲೆಯೇ ಪುನಃಪ್ರವೇಶ. ‘ನನಗೇನೂ ಆಗಿಲ್ಲ, ಸಾರ್’ ಎನ್ನುವ ಹುಡುಗರ ಪೌರುಷವನ್ನು ನಾವು ಬಹಳ ಕಂಡಿದ್ದೇವೆ. ನಿಯಮವು ಆ ಮಾತಿಗೆ ಕಿವಿಗೊಡದಿರುವುದೇ ಲೇಸು.

ಇನ್ನು ಬೇಕೆಂದೇ ಗಾಯಪಡಿಸುವವನ ವಿಷಯ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟವನ್ನು ಕಲ್ಪಿಸಿದ ಜೇಮ್ಸ್ ನೇಸ್ಮಿತ್‌ರವರ 13 ನಿಯಮಗಳ ಪ್ರಕಾರ, ಅಂಥವನು ಪಂದ್ಯ ಮುಗಿಯುವವರೆಗೂ ಹೊರಗೆ. ಅವನ ಪಕ್ಷಕ್ಕೆ ಬದಲಿ ಆಟಗಾರನೂ ಇಲ್ಲ.