ಗೋಗಿಯ ಯುರೇನಿಯಂ, ಇಸಾಂಪುರದ ಹಲ್ಲು: ವಿಶ್ವದ ಆದಿಯನ್ನು ಓದಲು ಬೇಕಾದ ಕನ್ನಡ

ಸುರಪುರ ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಾಯಕ ಅರಸರಿಂದ ತೊಡಗಿ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯದ ದುರಂತಕ್ಕೆ ಬಂದು ನಿಲ್ಲುತ್ತಾರೆ. ಇನ್ನಷ್ಟು ಹಿಂದಕ್ಕೆ ಹೋಗುವವರು ಮೆಡೋಸ್ ಟೇಲರ್ ಗುರುತಿಸಿದ ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ನೆನೆಯುತ್ತಾರೆ. ಪುಸ್ತಕದ ಮೊದಲ ಪುಟದಲ್ಲಿ ಮಾತ್ರ, ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ, ಹುಣಸಗಿ ಸಮೀಪದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ನೆಲೆಸಿದ್ದರೆಂಬ ಉಲ್ಲೇಖವಿರುತ್ತದೆ. ಶಾಸನದ ಕಾಲವನ್ನು ಹೇಳುವಾಗ ಶಕವರ್ಷ, ಸಂವತ್ಸರ, ತಿಥಿ, ಲಿಪಿಸ್ವರೂಪ ಎಲ್ಲವನ್ನೂ ಚರ್ಚಿಸುವ ವಿದ್ವಾಂಸರು ಈ 12 ಲಕ್ಷ ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವುದು ಅಪರೂಪ. ಆ ಪ್ರಶ್ನೆಯನ್ನು ಕೇಳಿದರೆ ಉತ್ತರ ಕಣಭೌತವಿಜ್ಞಾನಕ್ಕೆ, ಅಲ್ಲಿಂದ ವಿಶ್ವದ ಆದಿಗೆ ಕರೆದೊಯ್ಯುತ್ತದೆ. ಇದನ್ನು ವಿಜ್ಞಾನಿಗಳ ಪಾಡಿಗೆ ಬಿಟ್ಟು ಸಾಹಿತ್ಯ ಮತ್ತು ಚರಿತ್ರೆಯ ವಿದ್ಯಾರ್ಥಿಗಳು ದೂರ ಉಳಿಯುವುದು ಸರಿಯಲ್ಲ. ಸಾಕ್ಷ್ಯವನ್ನು ಓದುವ ಶಿಸ್ತು ಅವರದು. ಅದನ್ನು ನಾಡಿಗೆ ತಿಳಿಯುವಂತೆ ಹೇಳಬೇಕಾದ ಭಾಷೆಯೂ ಅವರದೇ.

ಇಸಾಂಪುರದ ಹಾಸುಬಂಡೆಯ ಸುಣ್ಣಕಲ್ಲನ್ನು ಒಡೆದು ಆದಿಮಾನವರು ಕೈಗೊಡಲಿಗಳನ್ನು ಮಾಡುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ನಡೆಸಿದ ಶೋಧನೆಯ ಫಲವಾಗಿ ಈ ನೆಲೆ ಬೆಳಕಿಗೆ ಬಂತು. ಅಲ್ಲಿ ಕಲ್ಲಿನ ಉಪಕರಣಗಳ ಜೊತೆಗೆ ದನದ ಜಾತಿಯ ಪ್ರಾಣಿಗಳ ಹಲ್ಲುಗಳೂ ದೊರೆತವು. ಮಣ್ಣಿನಲ್ಲಿ ಹೂತ ಹಲ್ಲಿನ ಮೇಲೆ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಎಡೆಬಿಡದೆ ಬೀಳುತ್ತಿರುತ್ತದೆ. ಹಲ್ಲಿನ ಎನಾಮೆಲ್‌ನ ಹರಳುಗಳಲ್ಲಿರುವ ಕೆಲವು ಎಲೆಕ್ಟ್ರಾನುಗಳು ಅದರಿಂದ ತಮ್ಮ ಸ್ಥಾನದಿಂದ ಕದಲಿ, ಹರಳಿನ ಕೊರತೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಲ ಕಳೆದಂತೆ ಸಿಕ್ಕಿಬಿದ್ದವುಗಳ ಸಂಖ್ಯೆ ಏರುತ್ತದೆ. ಹಲ್ಲಿನ ಪುಡಿಯನ್ನು ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗಗಳನ್ನು ಹಾಯಿಸಿದಾಗ ಅವು ತೋರುವ ಪ್ರತಿಕ್ರಿಯೆಯನ್ನು ಅಳೆದರೆ, ಹಲ್ಲು ಎಷ್ಟು ಕಾಲ ವಿಕಿರಣಕ್ಕೆ ಒಡ್ಡಿಕೊಂಡಿತ್ತೆಂದು ಲೆಕ್ಕ ಹಾಕಬಹುದು. ಎಲೆಕ್ಟ್ರಾನ್ ಸ್ಪಿನ್ ಅನುರಣನ ಎನ್ನುವ ಈ ವಿಧಾನದಿಂದ ದೊರೆತ ಫಲಿತಾಂಶ 2002ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಹೂತ ಹಲ್ಲು ಯುರೇನಿಯಂ ಅನ್ನು ಬೇಗನೆ ಹೀರಿಕೊಂಡಿತೋ ನಿಧಾನವಾಗಿಯೋ ಎಂಬ ಊಹೆಯನ್ನು ಅವಲಂಬಿಸಿ ಸಂಖ್ಯೆ ಹಿಂದೆ ಮುಂದೆ ಸರಿಯುತ್ತದೆ. ಸಂಶೋಧಕರು ಆ ಊಹೆಯನ್ನು ಹೇಳಿಯೇ ಸಂಖ್ಯೆಯನ್ನು ಕೊಡುತ್ತಾರೆ. ಕನ್ನಡದ ಜಿಲ್ಲಾ ಚರಿತ್ರೆಗಳಿಗೆ ಬರುವಾಗ ಸಂಖ್ಯೆ ಉಳಿದು, ಊಹೆಯೂ ಅಂತರದ ಎಚ್ಚರವೂ ಉದುರಿಹೋಗುತ್ತವೆ. ಪಾಠಾಂತರಗಳನ್ನು ಕೈಬಿಟ್ಟು ಒಂದೇ ಪಾಠವನ್ನು ಅಚ್ಚುಹಾಕುವ ಸಂಪಾದಕನನ್ನು ಒಪ್ಪದ ವಿದ್ವತ್ಲೋಕ ಇದನ್ನು ಮಾತ್ರ ಒಪ್ಪಿಕೊಂಡಿದೆ.

ಇದೇ ಸೀಮೆಯ ಬೂದಿಹಾಳದ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟುದರ ಕುರುಹು. ಅಂತಹ ನೆಲೆಗಳ ಕಾಲವನ್ನು ಹೇಳುವುದು ಇಂಗಾಲ-14. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣವನ್ನು ಅಪ್ಪಳಿಸಿದಾಗ ನ್ಯೂಟ್ರಾನುಗಳು ಸಿಡಿಯುತ್ತವೆ. ಅವು ಸಾರಜನಕವನ್ನು ತಾಗಿ ಇಂಗಾಲ-14 ಉಂಟಾಗುತ್ತದೆ. ಹುಲ್ಲು ಅದನ್ನು ಹೀರುತ್ತದೆ, ದನ ಹುಲ್ಲನ್ನು ಮೇಯುತ್ತದೆ. ಸತ್ತ ಮೇಲೆ ಹೊಸ ಇಂಗಾಲ ಸೇರುವುದಿಲ್ಲ; ಇದ್ದುದು 5730 ವರ್ಷಗಳಿಗೆ ಅರ್ಧದಂತೆ ಕರಗುತ್ತದೆ. ಸುರಪುರದ ದನಗಾಹಿಗಳ ಕಾಲನಿರ್ಣಯಕ್ಕೆ ನೆರವಾಗುವ ಗಡಿಯಾರ ಹೀಗೆ ಆಕಾಶದಿಂದ ಇಳಿದುಬಂದ ಕಣಗಳಿಂದ ನಡೆಯುತ್ತಿದೆ.

ಅದೇ ವಿಶ್ವಕಿರಣಗಳಿಂದ ತಪ್ಪಿಸಿಕೊಳ್ಳಲು ಕರ್ನಾಟಕದ ಮತ್ತೊಂದು ತುದಿಯಲ್ಲಿ ವಿಜ್ಞಾನಿಗಳು ನೆಲದಾಳಕ್ಕೆ ಇಳಿದಿದ್ದರು. ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಉಪಕರಣಗಳನ್ನು ಇರಿಸಿದ್ದರು. ಅಷ್ಟು ಬಂಡೆಯನ್ನು ದಾಟಿ ಬರಬಲ್ಲ ಕಣವೆಂದರೆ ನ್ಯೂಟ್ರಿನೋ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಬಂಡೆಯಲ್ಲಿ ಅಪರೂಪಕ್ಕೊಮ್ಮೆ ಡಿಕ್ಕಿ ಹೊಡೆದು ಮ್ಯೂಯಾನುಗಳನ್ನು ಹೊಮ್ಮಿಸುವುದನ್ನು 1965ರಲ್ಲಿ ಅವರು ಗುರುತಿಸಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ವರ್ಷ ಅದನ್ನೇ ಕಂಡಿತು. ವಾತಾವರಣದ ನ್ಯೂಟ್ರಿನೋಗಳ ಕುರಿತು ಜಗತ್ತಿಗೆ ದೊರೆತ ಮೊದಲ ಸಾಕ್ಷ್ಯಗಳಲ್ಲಿ ಒಂದು ಹೀಗೆ ಕನ್ನಡ ನೆಲದ್ದು. ಮೈಸೂರು ಸೀಮೆಯವರೇ ಆದ ಬಿ. ವಿ. ಶ್ರೀಕಂಠನ್ ಈ ಸಾಹಸದ ಮುಂಚೂಣಿಯಲ್ಲಿದ್ದರು.

ವಿಶ್ವದ ಆದಿಗೂ ಕೋಲಾರಕ್ಕೂ ಇನ್ನೊಂದು ನೇರ ನಂಟಿದೆ. ಆದಿಯಲ್ಲಿ ದ್ರವ್ಯ ಮತ್ತು ಪ್ರತಿದ್ರವ್ಯ ಸಮಪ್ರಮಾಣದಲ್ಲಿ ಹುಟ್ಟಿದ್ದರೆ ಅವು ಒಂದನ್ನೊಂದು ಅಳಿಸಿಹಾಕಿ ಬೆಳಕಷ್ಟೇ ಉಳಿಯಬೇಕಿತ್ತು. ಸುಮಾರು ನೂರು ಕೋಟಿಗೆ ಒಂದರಷ್ಟು ದ್ರವ್ಯ ಹೆಚ್ಚಾಗಿ ಉಳಿದುದರಿಂದ ನಕ್ಷತ್ರ, ನೆಲ, ಮನುಷ್ಯ ಎಲ್ಲವೂ ಸಾಧ್ಯವಾದವು. ಆ ಹೆಚ್ಚಳ ಹೇಗೆ ಬಂತೆಂಬುದನ್ನು ವಿವರಿಸುವ ಕೆಲವು ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಕೂಡ ಎಂದೋ ಒಂದು ದಿನ ಕ್ಷಯಿಸಬೇಕು. ಅದನ್ನು ಪರೀಕ್ಷಿಸಲು 1980ರ ದಶಕದಲ್ಲಿ ಕೋಲಾರದ ಆಳದಲ್ಲಿ ಸುಮಾರು 140 ಟನ್ ತೂಕದ ಕಬ್ಬಿಣದ ಶೋಧಕವನ್ನು ನಿಲ್ಲಿಸಲಾಯಿತು. ಕ್ಷಯವಿರಬಹುದೆಂದು ತೋರಿದ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು; ಜಪಾನ್ ಮತ್ತು ಅಮೆರಿಕದ ದೊಡ್ಡ ಶೋಧಕಗಳು ಅದನ್ನು ದೃಢಪಡಿಸಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಕೋಲಾರದ ಚಿನ್ನ ಮತ್ತು ಕಾರ್ಮಿಕರ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆದವರಿದ್ದಾರೆ. ಅದೇ ಸುರಂಗಗಳಲ್ಲಿ ನಡೆದ ಈ ಅನ್ವೇಷಣೆ ಮಾತ್ರ ನಾಡಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ತನಗೆ ತಕ್ಕ ಸ್ಥಾನವನ್ನು ಇನ್ನೂ ಪಡೆದಿಲ್ಲ.

ವಿಶ್ವದ ಆದಿಯ ಕಥೆಯನ್ನು ಗ್ರಂಥಸಂಪಾದನೆ ಬಲ್ಲವರು ಸುಲಭವಾಗಿ ಗ್ರಹಿಸಬಲ್ಲರು. ಕವಿಯ ಸ್ವಹಸ್ತಪ್ರತಿ ಯಾರಿಗೂ ಸಿಕ್ಕಿಲ್ಲ. ಸಿಕ್ಕಿರುವುದು ನಂತರದ ಪ್ರತಿಗಳು. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತ್ಯಂತ ಬಿಸಿಯಾಗಿ, ಅತ್ಯಂತ ಸಾಂದ್ರವಾಗಿ ಇತ್ತು ಎಂಬುದು ಉಳಿದ ಕುರುಹುಗಳನ್ನು ಹೋಲಿಸಿ ತಲುಪಿದ ನಿರ್ಣಯ. ಬೆಳಕಿನ ರೂಪದಲ್ಲಿ ಲಭ್ಯವಿರುವ ಅತಿ ಹಳೆಯ ಪ್ರತಿ ಆದಿಯಿಂದ ಸುಮಾರು 3 ಲಕ್ಷ 80 ಸಾವಿರ ವರ್ಷಗಳ ಅನಂತರದ್ದು. ಇಡೀ ಆಕಾಶವನ್ನು ತುಂಬಿರುವ ಆ ಮಂದ ಸೂಕ್ಷ್ಮತರಂಗ ವಿಕಿರಣವನ್ನು ಪೆಂಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ಪ್ರಕಟಿಸಿದರು. ಅದಕ್ಕೂ ಹಿಂದಿನ ಪಾಠವನ್ನು ಜಲಜನಕ ಮತ್ತು ಹೀಲಿಯಂಗಳ ಪ್ರಮಾಣದಿಂದ ಊಹಿಸಬೇಕು. ಮೊದಲ ಕೆಲವು ನಿಮಿಷಗಳಲ್ಲಿ ದ್ರವ್ಯದ ಸುಮಾರು ಕಾಲು ಭಾಗ ಹೀಲಿಯಂ ಆಯಿತೆಂದು ಸಿದ್ಧಾಂತ ಹೇಳುತ್ತದೆ, ಅಳತೆ ಅದನ್ನು ಒಪ್ಪುತ್ತದೆ. ಇನ್ನೂ ಹಿಂದಿನ ಕ್ಷಣಗಳಿಗೆ ಸಾಕ್ಷಿಯಾಗುವುದು ಜಿನೀವಾ ಬಳಿಯ ಸೆರ್ನ್‌ನಂತಹ ಪ್ರಯೋಗಾಲಯಗಳು. ಅಲ್ಲಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿ, ಆದಿಕಾಲದ ವಿಶ್ವದಲ್ಲಿದ್ದಂತಹ ಶಕ್ತಿಯಲ್ಲಿ ಕಣಗಳು ಹೇಗೆ ವರ್ತಿಸುತ್ತವೆಂದು ನೋಡಲಾಗುತ್ತದೆ. ಅದರಾಚೆಗೆ ಪಾಠ ತ್ರುಟಿತವಾಗಿದೆ. ತ್ರುಟಿತ ಭಾಗವನ್ನು ತ್ರುಟಿತವೆಂದೇ ಗುರುತಿಸುವುದು ಒಳ್ಳೆಯ ಸಂಪಾದಕನ ಲಕ್ಷಣ.

ಕನ್ನಡದಲ್ಲಿ ಈ ವಿಷಯ ಬಂದಾಗ ಆ ತ್ರುಟಿತ ಸ್ಥಳವನ್ನು ತುಂಬುವ ಆತುರ ಎರಡು ಬಗೆಯಲ್ಲಿ ಕಾಣುತ್ತದೆ. ಮೊದಲನೆಯದು ‘ದೇವಕಣ’ ಎಂಬ ಮಾತು. 2012ರ ಜುಲೈ 4ರಂದು ಸೆರ್ನ್ ಪ್ರಕಟಿಸಿದ ಹಿಗ್ಸ್ ಬೋಸಾನ್ ಕನ್ನಡದ ಓದುಗರಿಗೆ ಈ ಹೆಸರಿನಿಂದಲೇ ಪರಿಚಿತವಾಯಿತು. ಲಿಯಾನ್ ಲೆಡರ್‌ಮನ್ 1993ರಲ್ಲಿ ತಮ್ಮ ಪುಸ್ತಕಕ್ಕೆ ಇಟ್ಟ ಶೀರ್ಷಿಕೆಯ ಅನುವಾದವದು. ಸ್ವತಃ ಪೀಟರ್ ಹಿಗ್ಸ್ ಅವರಿಗೆ ಅದು ಹಿಡಿಸಿರಲಿಲ್ಲ. ಆ ಕಣ ದೇವರ ಅಸ್ತಿತ್ವವನ್ನು ಸಾಧಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ. ಎಲೆಕ್ಟ್ರಾನಿನಂತಹ ಮೂಲಕಣಗಳಿಗೆ ದ್ರವ್ಯರಾಶಿ ಒದಗುವ ಬಗೆಗೆ ಅದು ಸಾಕ್ಷಿ. ಪ್ರೋಟಾನಿನ ದ್ರವ್ಯರಾಶಿಯ ಬಹುಭಾಗ ಅದರೊಳಗಿನ ಪ್ರಬಲ ಬಲದ ಶಕ್ತಿಯಿಂದ ಬರುತ್ತದೆ, ಹಿಗ್ಸ್‌ನಿಂದಲ್ಲ. ಒಂದು ಆಕರ್ಷಕ ಪದ ಈ ಇಡೀ ವಿವೇಚನೆಯನ್ನು ನುಂಗಿಹಾಕಿತು.

ಎರಡನೆಯದು, ಎಲ್ಲವೂ ಪ್ರಾಚೀನರಿಗೆ ತಿಳಿದಿತ್ತೆಂಬ ಸಮಾಧಾನ. ಜೈನ ದರ್ಶನದ ಪರಮಾಣು ಪುದ್ಗಲದ ಅವಿಭಾಜ್ಯ ಅಂಶ. ಅದಕ್ಕೆ ವರ್ಣ, ಗಂಧ, ರಸ, ಸ್ಪರ್ಶಗಳುಂಟು. ವೈಶೇಷಿಕರ ಪರಮಾಣುವಿನ ಲಕ್ಷಣವೇ ಬೇರೆ. ಇಂದಿನ ಪಠ್ಯಪುಸ್ತಕದ ಪರಮಾಣು ಒಡೆಯುವಂಥದ್ದು; ಎಲೆಕ್ಟ್ರಾನಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಪದ ಒಂದೇ ಆದ ಮಾತ್ರಕ್ಕೆ ಪದಾರ್ಥ ಒಂದಾಗದು. ಜೈನಾಗಮಗಳ ಪ್ರಕಾರ ಲೋಕ ಅನಾದಿ, ಅದಕ್ಕೆ ಕರ್ತೃವಿಲ್ಲ. ಅದನ್ನು ಮಹಾಸ್ಫೋಟದೊಡನೆ ಬಲವಂತವಾಗಿ ಹೊಂದಿಸಿದರೆ ಆಗಮಕ್ಕೂ ನ್ಯಾಯ ಸಲ್ಲದು, ಭೌತವಿಜ್ಞಾನಕ್ಕೂ ಸಲ್ಲದು. ಪ್ರಾಚೀನ ದಾರ್ಶನಿಕರ ಹಿರಿಮೆ ಅವರ ತರ್ಕದ ನಿಷ್ಠುರತೆಯಲ್ಲಿದೆ. ಇಂದಿನ ಪ್ರಯೋಗಗಳ ಫಲಿತಾಂಶವನ್ನು ಅವರ ಹೆಸರಿಗೆ ಬರೆದು ಆ ಹಿರಿಮೆಯನ್ನು ಹೆಚ್ಚಿಸಬೇಕಾದ ಅಗತ್ಯವಿಲ್ಲ.

ಪದಗಳ ಈ ಸಡಿಲಿಕೆ ಪಂಡಿತರ ಜಗಳಕ್ಕಷ್ಟೇ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ಶಹಾಪುರ ತಾಲ್ಲೂಕಿನ ಗೋಗಿ ಅದಕ್ಕೆ ಬೇರೆಯೇ ತೂಕ ಕೊಡುತ್ತದೆ. ಯೂಸುಫ್ ಆದಿಲ್ ಶಾಹ ಮೊದಲಾದ ಬಿಜಾಪುರದ ಆರಂಭಿಕ ಸುಲ್ತಾನರ ಸಮಾಧಿಗಳಿರುವ ದರ್ಗಾದಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಊರು ಪರಿಚಿತ. ಅದೇ ಊರಿನ ನೆಲದಡಿ, ಭೀಮಾ ಪ್ರದೇಶದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಶಿಲೆಗಳಲ್ಲಿ ಯುರೇನಿಯಂ ನಿಕ್ಷೇಪವಿದೆ. ಈ ಧಾತು ವಿಶ್ವದ ಮೊದಲ ನಿಮಿಷಗಳಲ್ಲಿ ಹುಟ್ಟಿದ್ದಲ್ಲ. ನ್ಯೂಟ್ರಾನ್ ನಕ್ಷತ್ರಗಳ ಘರ್ಷಣೆಯಂತಹ ಉಗ್ರ ಘಟನೆಗಳಲ್ಲಿ ಇಂತಹ ಭಾರಧಾತುಗಳು ರೂಪುಗೊಳ್ಳುತ್ತವೆ. 2017ರ ಆಗಸ್ಟ್ 17ರಂದು ಅಂತಹ ಒಂದು ಘರ್ಷಣೆಯ ಗುರುತ್ವ ತರಂಗಗಳೂ ಬೆಳಕೂ ಒಟ್ಟಿಗೇ ದೊರೆತವು. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಹೆಚ್ಚುಕಡಿಮೆ ಭೂಮಿಯ ವಯಸ್ಸಿನಷ್ಟೇ. ಹಾಗಾಗಿ ಭೂಮಿ ಹುಟ್ಟುವಾಗ ಇದ್ದುದರಲ್ಲಿ ಅರ್ಧದಷ್ಟು ಇನ್ನೂ ನೆಲದಲ್ಲಿದೆ.

ಗೋಗಿಯಲ್ಲಿ ಗಣಿಗಾರಿಕೆಯ ಪ್ರಸ್ತಾವ ಬಂದಾಗ ಸುತ್ತಲಿನ ಹಳ್ಳಿಗಳ ಜನ ನೀರು ಮತ್ತು ಆರೋಗ್ಯದ ಬಗ್ಗೆ ಆತಂಕ ವ್ಯಕ್ತಪಡಿಸಿದರು. ಆ ಆತಂಕಕ್ಕೆ ಉತ್ತರಿಸುವವರಿಗೂ ಅದನ್ನು ಎತ್ತುವವರಿಗೂ ಕರಾರುವಾಕ್ಕಾದ ಕನ್ನಡ ಬೇಕು. ಕುಡಿಯುವ ನೀರಿನಲ್ಲಿ ಕರಗಿದ ಯುರೇನಿಯಂನ ಮುಖ್ಯ ಅಪಾಯ ರಾಸಾಯನಿಕವಾದದ್ದು, ಅದು ಮೂತ್ರಪಿಂಡಕ್ಕೆ ಸಂಬಂಧಿಸಿದ್ದು. ಯುರೇನಿಯಂ ಕ್ಷಯಿಸುವ ಸರಣಿಯಲ್ಲಿ ಹುಟ್ಟುವ ರೇಡಾನ್ ಅನಿಲದ ಅಪಾಯ ಉಸಿರಾಟದ ಮೂಲಕ ಶ್ವಾಸಕೋಶಕ್ಕೆ. ಮೊದಲನೆಯದಕ್ಕೆ ನೀರಿನ ಪರೀಕ್ಷೆ ಬೇಕು, ಎರಡನೆಯದಕ್ಕೆ ಗಾಳಿಯ ಓಡಾಟ ಮತ್ತು ಅಳತೆ ಬೇಕು. ಎರಡನ್ನೂ ‘ವಿಷ’ ಎಂದಷ್ಟೇ ಕರೆದರೆ ಏನನ್ನು ಪರೀಕ್ಷಿಸಬೇಕೆಂದು ಕೇಳುವ ಶಕ್ತಿಯೇ ಜನರ ಕೈತಪ್ಪುತ್ತದೆ. ‘ಏನೂ ಆಗದು’ ಎನ್ನುವವರಿಗೂ ‘ಎಲ್ಲರೂ ಸಾಯುತ್ತಾರೆ’ ಎನ್ನುವವರಿಗೂ ಅನುಕೂಲವಾಗುವುದು ಇಂತಹ ಮಸುಕು ಭಾಷೆಯೇ.

ಕನ್ನಡಕ್ಕೆ ಇದು ಹೊಸ ಸವಾಲಲ್ಲ. 14ನೆಯ ಶತಮಾನದಲ್ಲಿ ಜೈನ ಕವಿ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನೇ ಕನ್ನಡದಲ್ಲಿ ರಚಿಸಿದ. ಸ್ಥಾವರ ವಿಷ, ಜಂಗಮ ವಿಷ ಎಂದು ವಿಂಗಡಿಸಿ, ಲಕ್ಷಣ ನೋಡಿ ಚಿಕಿತ್ಸೆ ಹೇಳುವ ಪರಂಪರೆ ಅದು. ಅದಕ್ಕೂ ಮೊದಲೇ ಶ್ರೀಧರಾಚಾರ್ಯ ಜ್ಯೋತಿಷವನ್ನು, ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿ ಹೇಳಿದ್ದರು. ಅವರ ಶಾಸ್ತ್ರ ಇಂದು ಹಳತಾಗಿರಬಹುದು. ಭೇದಗಳನ್ನು ಗುರುತಿಸಿ ಹೆಸರಿಡುವ ಅವರ ಕ್ರಮ ಹಳತಾಗಿಲ್ಲ. ಶಾಸ್ತ್ರಸಾಹಿತ್ಯವನ್ನು ಕಾವ್ಯದ ಹಿಂದಿನ ಸಾಲಿನಲ್ಲಿ ಕೂರಿಸಿ, ಪರೀಕ್ಷೆಗಾಗಿ ಕೃತಿನಾಮಗಳನ್ನಷ್ಟೇ ಬಾಯಿಪಾಠ ಮಾಡಿಸುವ ಕನ್ನಡ ವಿಭಾಗಗಳು ಆ ಕ್ರಮವನ್ನು ಕೈಬಿಟ್ಟಿವೆ.

ಕಣವಿಜ್ಞಾನದ ಗಣಿತವಿಲ್ಲದೆ ಅದನ್ನು ಬರೆಯಹೊರಡುವುದು ದುಸ್ಸಾಹಸವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಸಾಹಿತ್ಯದ ವಿದ್ಯಾರ್ಥಿ ಸಮೀಕರಣ ಬಿಡಿಸಬೇಕಾಗಿಲ್ಲ. ಒಂದು ಸಂಖ್ಯೆ ಯಾವ ಅಳತೆಯಿಂದ ಬಂತು, ಅದರ ಹಿಂದಿನ ಊಹೆ ಯಾವುದು, ಅದರ ಅಂತರ ಎಷ್ಟು ಎಂದು ಕೇಳಬಲ್ಲವನಾದರೆ ಸಾಕು. ಸುರಪುರದ ಮುಂದಿನ ಚರಿತ್ರೆಕಾರರು ಇಸಾಂಪುರದ 12 ಲಕ್ಷಕ್ಕೆ ಒಂದು ವಾಕ್ಯದ ಬದಲು ಒಂದು ಅಧ್ಯಾಯ ಕೊಡಲಿ. ಆ ಅಧ್ಯಾಯದಲ್ಲಿ ಹಲ್ಲಿನ ಎಲೆಕ್ಟ್ರಾನು, ಬೂದಿಹಾಳದ ಇಂಗಾಲ, ಗೋಗಿಯ ಯುರೇನಿಯಂ ತಮ್ಮ ತಮ್ಮ ಹೆಸರಿನಲ್ಲಿ ಬರಲಿ. ಅದನ್ನು ಓದಿ ಬೆಳೆದ ಗೋಗಿಯ ವಿದ್ಯಾರ್ಥಿ ಗ್ರಾಮಸಭೆಯಲ್ಲಿ ಎದ್ದು ನಿಂತು, ನೀರಿನಲ್ಲಿ ಯುರೇನಿಯಂ ಎಷ್ಟಿದೆ, ಗಾಳಿಯಲ್ಲಿ ರೇಡಾನ್ ಎಷ್ಟಿದೆ, ಅಳೆದವರು ಯಾರು ಎಂದು ಕನ್ನಡದಲ್ಲೇ ಕೇಳಬಲ್ಲನು.